ತಟ್ಟೆಯಲ್ಲಿ ಬೆಳೆದದ್ದು

ಬಾಗಿಲು ತಟ್ಟದೆ ಒಳಗೆ ಬಂದ ವೈದ್ಯ ತೆರೆದ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದ.

“ಮೇಡಂ, ಭಾಳ ಛಲೋ ರಿಸಲ್ಟ್ ಬಂದೈತ್ರಿ. ಒಂದ್ ಸಲ ನೋಡ್ರಿ.”

ಪರದೆಯ ಮೇಲೆ ಹತ್ತಾರು ಗೆರೆಗಳಿದ್ದವು, ಒಂದೊಂದು ಔಷಧಿಗೆ ಒಂದೊಂದು. ಹೆಚ್ಚಿನವು ಅಡ್ಡಡ್ಡ ಹೋಗಿದ್ದವು. ಆ ಔಷಧಿಗಳಿಗೆ ಜೀವಕೋಶಗಳು ಸೊಪ್ಪು ಹಾಕಿರಲಿಲ್ಲ. ಒಂದು ಗೆರೆ ಮಾತ್ರ ಕಾಲು ಜಾರಿದಂತೆ ನೆಟ್ಟಗೆ ಕೆಳಗಿಳಿದಿತ್ತು. ಅದು ಗುಳಿಗೆಯಾಗಿ ನುಂಗುವ ಒಂದು ಔಷಧಿ, ಅದು ಬಿದ್ದ ಕಡೆಯೆಲ್ಲ ಜೀವಕೋಶಗಳು ಸತ್ತಿದ್ದವು.

“ಯಾರ ಸ್ಯಾಂಪಲ್ಲು?” ಎಂದೆ.

“ಜರಗನಹಳ್ಳಿ ಅಮ್ಮಂದ್ರಿ.”

ಆ ಅಮ್ಮನನ್ನು ನಾನು ಒಮ್ಮೆ ಮಾತ್ರ ನೋಡಿದ್ದೆ. ಹಿಂದೆ ಹೊಲವಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿರುವ ಕುಟುಂಬದ ಯಜಮಾನಿ. ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿ ಹಾಕಿಕೊಳ್ಳುವುದು ಅವರಿಗೆ ಹುಡುಗಿಯಾಗಿದ್ದಾಗಿನಿಂದಲೂ ಅಭ್ಯಾಸ. ಕೆನ್ನೆಯ ಒಳಗೆ ಕ್ಯಾನ್ಸರ್ ಬಂದು, ಆಪರೇಷನ್ನೂ ಆಗಿ, ರೇಡಿಯೇಷನ್ನೂ ಮುಗಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಗಡ್ಡೆ ಎದ್ದಿತ್ತು. ಬಾಯಿ ಒಂದು ಚಮಚ ಹೋಗುವಷ್ಟು ಮಾತ್ರ ತೆರೆಯುತ್ತಿತ್ತು. ಆ ಗಡ್ಡೆಯಿಂದ ತೆಗೆದ ಬಯಾಪ್ಸಿಯ ಒಂದು ಚೂರು, ಅವರ ಒಪ್ಪಿಗೆಯ ಮೇಲೆ, ನಮ್ಮ ಪ್ರಯೋಗಾಲಯಕ್ಕೆ ಬಂದಿತ್ತು.

ಪ್ರಯೋಗಾಲಯ ಇರುವುದು ಜೆ.ಪಿ. ನಗರದ ಆಸ್ಪತ್ರೆಯೊಂದರ ಹಿಂಬದಿಯ ಕಟ್ಟಡದಲ್ಲಿ. ಆಗ ತಾನೇ ಎಂ.ಡಿ. ಮುಗಿಸಿದ ಒಬ್ಬ ವೈದ್ಯ, ಆಗ ತಾನೇ ಪಿಎಚ್.ಡಿ. ಮುಗಿಸಿದ ಒಬ್ಬ ಸಂಶೋಧಕಿ, ಇಂಥ ಜೋಡಿಗಳಿಗೆ ಕ್ಯಾನ್ಸರ್ ಸಂಶೋಧನೆ ಕಲಿಸುವುದು ನನ್ನ ಕೆಲಸ. ರೋಗಿಯ ಗಡ್ಡೆಯ ಚೂರನ್ನು ಬಿಡಿಸಿ, ಜೆಲ್ಲಿನ ಹನಿಗಳಲ್ಲಿಟ್ಟು, ಪೋಷಕ ದ್ರವ ಹಾಕಿ ಬೆಳೆಸುತ್ತೇವೆ. ಜೀವಕೋಶಗಳು ಪುಟ್ಟ ಉಂಡೆಗಳಾಗಿ ಬೆಳೆಯುತ್ತವೆ. ಆ ಉಂಡೆಗಳ ಮೇಲೆ ಔಷಧಿಗಳನ್ನು ಹಾಕಿ ಯಾವುದಕ್ಕೆ ಏನಾಗುತ್ತದೆಂದು ನೋಡುತ್ತೇವೆ. ಇದು ಕಲಿಯುವುದಕ್ಕೆ, ತಿಳಿಯುವುದಕ್ಕೆ. ಇದರ ಆಧಾರದ ಮೇಲೆ ರೋಗಿಗೆ ಔಷಧಿ ಕೊಡುವುದಿಲ್ಲ ಎಂದು ರೋಗಿಗಳಿಗೂ ಮೊದಲೇ ಹೇಳಿರುತ್ತೇವೆ.

“ಇದನ್ನ ಇನ್ಯಾರಿಗಾದ್ರೂ ತೋರಿಸಿದೀರಾ?”

“ಸಾರ್‌ಗೆ ತೋರಿಸೀನ್ರಿ, ಮುಂಜಾನೆ ರೌಂಡ್ಸ್‌ನಾಗ. ಭಾಳ ಖುಷಿ ಆದ್ರು. ಗುರುವಾರದ ಬೋರ್ಡ್‌ಗೆ ಇಡು ಅಂದ್ರು.” ಸ್ವಲ್ಪ ತಡೆದು ಸೇರಿಸಿದ, “ಅಮ್ಮನ ಮಗಳಿಗೂ ಹೇಳ್ಯಾರ್ರಿ.”

ಬೋರ್ಡ್ ಎಂದರೆ ಕ್ಯಾನ್ಸರ್ ವಿಭಾಗದ ವೈದ್ಯರೆಲ್ಲ ಕೂತು ಕಷ್ಟದ ರೋಗಿಗಳ ಚಿಕಿತ್ಸೆ ನಿರ್ಧರಿಸುವ ವಾರದ ಸಭೆ. ಸಾರ್ ಎಂದರೆ ಆ ವಿಭಾಗದ ಮುಖ್ಯಸ್ಥರು. ನಮ್ಮ ತಟ್ಟೆಯಿಂದ ಎದ್ದ ಒಂದು ಗೆರೆ ಒಂದೇ ಬೆಳಿಗ್ಗೆಯಲ್ಲಿ ವಾರ್ಡು ದಾಟಿ ಮಗಳ ಕಿವಿಗೂ ಬಿದ್ದಿತ್ತು. ಅವನನ್ನು ಬೈಯಬೇಕೆಂದುಕೊಂಡೆ. ಆದರೆ ಅದಕ್ಕಿಂತ ಮೊದಲು ತಟ್ಟೆಯನ್ನು ನೋಡಬೇಕಿತ್ತು.

ಸಂಶೋಧಕಿ ಕಲ್ಚರ್ ಕೋಣೆಯಲ್ಲಿದ್ದಳು. ಪದ್ಮನಾಭನಗರದ ಹುಡುಗಿ, ಮಾತು ಕಡಿಮೆ. ಉಂಡೆಗಳನ್ನು ಬೆಳೆಸಿದ್ದು ಅವಳೇ. ಔಷಧಿ ಹಾಕಿ ಲೆಕ್ಕ ಮಾಡಿದ್ದು ಅವನು.

“ರಿಸಲ್ಟ್ ಬಗ್ಗೆ ನೀವೇನಂತೀರಿ?” ಎಂದು ಕೇಳಿದೆ.

ಅವಳು ಅವನ ಮುಖ ನೋಡಿದಳು. “ಕರ್ವ್ ಚೆನ್ನಾಗಿ ಬಂದಿದೆ ಮೇಡಂ.”

“ಅದು ನಂಗೂ ಕಾಣತ್ತೆ. ನೀವೇನಂತೀರಿ?”

ಅವಳು, ಜೀವಕೋಶಗಳನ್ನು ಬೆಚ್ಚಗಿಡುವ ಇನ್ಕ್ಯುಬೇಟರಿನಿಂದ ಒಂದು ಪ್ಲೇಟನ್ನು, ಸಾಲು ಸಾಲು ಪುಟ್ಟ ಗುಳಿಗಳಿರುವ ತಟ್ಟೆಯನ್ನು, ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟು, ನನಗೆ ಜಾಗ ಬಿಟ್ಟಳು. ಬಗ್ಗಿ ನೋಡಿದೆ. ಗುಂಡಗಿನ, ನುಣುಪಾದ ಉಂಡೆಗಳು. ಎಲ್ಲವೂ ಹೆಚ್ಚೂಕಡಿಮೆ ಒಂದೇ ಗಾತ್ರ. ಅಂಚು ಸ್ವಚ್ಛ, ನಡುವೆ ಪದರ ಪದರವಾಗಿ ಜೋಡಣೆ.

“ತುಂಬಾ ಚೆಂದ ಇವೆ,” ಎಂದಳು ಅವಳು, ತಪ್ಪು ಮಾಡಿದವಳ ಹಾಗೆ. “ಗಡ್ಡೆದು ಇಷ್ಟು ಚೆಂದ ಇರಬಾರದು ಮೇಡಂ. ಎರಡನೇ ಸಲ ಬಿಡಿಸಿ ಹಾಕಿದಾಗಿಂದ ನಂಗೆ ಡೌಟು.”

“ಮತ್ತ ನನಗ ಯಾಕ್ ಹೇಳ್ಲಿಲ್ರಿ?” ವೈದ್ಯನ ಧ್ವನಿ ಏರಿತು.

“ಹೇಳ್ದೆ. ನೀವು ಪೇಷೆಂಟ್‌ನ ಒಂದ್ ಸಲ ಆದ್ರೂ ನೋಡಿದೀರಾ ಅಂತ ಕೇಳಿದ್ರಿ.”

ಅವನು ಬಗ್ಗಿ ತಾನೂ ಸೂಕ್ಷ್ಮದರ್ಶಕದಲ್ಲಿ ನೋಡಿದ.

ಅವಳ ಅನುಮಾನ ಏನೆಂದು ಇಲ್ಲಿ ಬಿಡಿಸಿ ಹೇಳಬೇಕು. ಬಯಾಪ್ಸಿಯ ಚೂರಿನಲ್ಲಿ ಬರೀ ಗಡ್ಡೆ ಇರುವುದಿಲ್ಲ, ಅದರ ಅಂಚಿಗೆ ಹತ್ತಿಕೊಂಡ ಆರೋಗ್ಯವಂತ ಒಳಚರ್ಮವೂ ಸ್ವಲ್ಪ ಬಂದಿರುತ್ತದೆ. ದೇಹದೊಳಗೆ ಗಡ್ಡೆ ಎಷ್ಟೇ ಅಬ್ಬರದಿಂದ ಬೆಳೆಯಲಿ, ನಮ್ಮ ಜೆಲ್ಲಿನಲ್ಲಿ, ನಮ್ಮ ಪೋಷಕ ದ್ರವದಲ್ಲಿ, ಕೆಲವೊಮ್ಮೆ ಒಳ್ಳೆಯ ಜೀವಕೋಶಗಳೇ ಅದನ್ನು ಹಿಂದೆ ಹಾಕಿಬಿಡುತ್ತವೆ. ಹಾಗಾಗಿದ್ದರೆ ನಾವು ಔಷಧಿ ಹಾಕಿ ಕೊಂದದ್ದು ಕ್ಯಾನ್ಸರನ್ನಲ್ಲ, ಆ ಅಮ್ಮನ ಬಾಯಿಯ ಒಳ್ಳೆಯ ಚರ್ಮವನ್ನು. ಆ ಗುಳಿಗೆ ತಡೆಯುವುದು ಜೀವಕೋಶಗಳ ಬೆಳವಣಿಗೆಯ ಒಂದು ಸಂದೇಶವನ್ನು. ಬಾಯಿಯ ಒಳಚರ್ಮವೂ ಅದೇ ಸಂದೇಶವನ್ನು ನಂಬಿಕೊಂಡಿರುತ್ತದೆ. ಮೊದಲೇ ರೇಡಿಯೇಷನ್ನಿನಲ್ಲಿ ಬೆಂದ ಬಾಯಿ. ಈ ಗುಳಿಗೆ ನುಂಗಿ ಅಲ್ಲೆಲ್ಲ ಹುಣ್ಣೆದ್ದರೆ ಗಂಜಿಯೂ ಇಳಿಯುವುದಿಲ್ಲ. ಇತ್ತ ಗಡ್ಡೆ ತನ್ನ ಪಾಡಿಗೆ ತಾನು ಬೆಳೆಯುತ್ತಿರುತ್ತದೆ.

ವೈದ್ಯನಿಗೆ ಇದನ್ನು ಎರಡನೇ ಸಲ ಹೇಳಬೇಕಾಗಲಿಲ್ಲ. ಆ ಬಾಯಿಯನ್ನು ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡುತ್ತಿದ್ದವನು ಅವನೇ.

“ಹಂಗಂದ್ರ ಡಿಎನ್ಎ ಕಳಿಸೂಣ್ರಿ,” ಎಂದ.

ಕಳಿಸಿದೆವು. ಆದರೆ ಹೊರಗಿನ ಲ್ಯಾಬಿನ ವರದಿ ಗುರುವಾರದೊಳಗೆ ಬರುವ ಮಾತೇ ಇರಲಿಲ್ಲ. ನಮ್ಮಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿತ್ತು. ಜೀವಕೋಶಗಳಲ್ಲಿ ಪಿ53 ಎಂಬ ಒಂದು ಕಾವಲು ಜೀನ್ ಇದೆ. ಆ ಅಮ್ಮನ ಗಡ್ಡೆಯಲ್ಲಿ ಅದು ಕೆಟ್ಟುಹೋಗಿದೆ ಎಂದು ಆಸ್ಪತ್ರೆಯ ಹಳೆಯ ವರದಿ ಹೇಳುತ್ತಿತ್ತು. ಈ ಕಾವಲನ್ನು ಕೆರಳಿಸುವ ಒಂದು ರಾಸಾಯನಿಕವಿದೆ. ಕಾವಲು ಸರಿಯಿರುವ ಜೀವಕೋಶಕ್ಕೆ ಅದನ್ನು ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ, ಜೀವಕೋಶ ಸಾಯುತ್ತದೆ. ಕಾವಲೇ ಕೆಟ್ಟಿರುವ ಗಡ್ಡೆಯ ಜೀವಕೋಶಕ್ಕೆ ಏನೂ ಆಗುವುದಿಲ್ಲ. ಉಂಡೆಗಳು ಉಳಿದರೆ ಅವು ಗಡ್ಡೆಯವು, ಸತ್ತರೆ ಒಳ್ಳೆಯವು.

ಪರೀಕ್ಷೆಗೆ ಉಂಡೆಗಳು ಬೇಕಲ್ಲ. ಔಷಧಿ ಪ್ರಯೋಗಕ್ಕೆ ಹೆಚ್ಚಿನವು ಖರ್ಚಾಗಿದ್ದವು. ಮೊದಮೊದಲ ದಿನಗಳಲ್ಲಿ ಸಂಶೋಧಕಿ ಕೆಲವು ಜೀವಕೋಶಗಳನ್ನು ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದಳು. ಅದರಲ್ಲಿ ಗಡ್ಡೆಯ ಪಾಲು ಹೆಚ್ಚಿರಬಹುದೆಂದು ಆಸೆಯಿತ್ತು. ಅಂದು ಶುಕ್ರವಾರ, ಸಂಜೆಯೇ ಆ ಕೊಳವೆಗಳನ್ನು ಬೆಚ್ಚಗಿನ ನೀರಿನಲ್ಲಿ ಕರಗಿಸಿ ಜೆಲ್ಲಿಗೆ ಹಾಕಿದೆವು. ಶನಿವಾರ ಬೆಳಿಗ್ಗೆ ನೋಡಿದರೆ ಹನಿಗಳ ತುಂಬ ಕಪ್ಪು ಪುಡಿ. ಒಂದೂ ಬದುಕಿರಲಿಲ್ಲ. ಹೆಪ್ಪುಗಟ್ಟಿಸುವಾಗ ಎಲ್ಲಿ ಎಡವಿತೋ ಇಂದಿಗೂ ಗೊತ್ತಿಲ್ಲ. ಇಂಥದ್ದು ಆಗುತ್ತದೆ. ಆದರೆ ಆ ಬೆಳಿಗ್ಗೆ ಹಾಗೆಂದು ಸಮಾಧಾನ ಮಾಡಿಕೊಳ್ಳಲು ಯಾರಿಗೂ ಆಗಲಿಲ್ಲ.

ಉಳಿದದ್ದು ಒಂದೇ ಪ್ಲೇಟು. ಅದರಲ್ಲಿ ಒಂದು ಪ್ರಯೋಗಕ್ಕೆ ಆಗುವಷ್ಟು ಮಾತ್ರ ಉಂಡೆಗಳು.

“ಔಷಧಿ ಟೆಸ್ಟನ್ನ ಇನ್ನೊಂದ್ ಸಲ ಮಾಡೂಣ್ರಿ ಮೇಡಂ,” ಎಂದ ವೈದ್ಯ. ರಾತ್ರಿಯಿಡೀ ಯೋಚಿಸಿಕೊಂಡು ಬಂದಂತಿತ್ತು. “ಎರಡನೇ ಸಲನೂ ಅದೇ ಬಂದ್ರ ಬೋರ್ಡ್‌ನಾಗ ಗಟ್ಟಿಯಾಗಿ ಹೇಳಬಹುದು. ಅಕಸ್ಮಾತ್ ಅವು ಗಡ್ಡೆವೇ ಇದ್ರ? ನಮ್ಮ ಅನುಮಾನದ ಸಲುವಾಗಿ ಆ ಅಮ್ಮಗ ಸಿಗೋ ಔಷಧಿ ತಪ್ಪಸ್ತೀವೇನ್ರಿ?”

“ಅವು ಯಾವುವು ಅಂತಾನೇ ಗೊತ್ತಿಲ್ದೆ ಎರಡನೇ ಸಲ ಕೊಂದು ಏನ್ ಮಾಡ್ತೀರಾ?” ಎಂದಳು ಸಂಶೋಧಕಿ. ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಅವನ ಮಾತಿನಲ್ಲಿ ಹುರುಳಿರಲಿಲ್ಲ ಎನ್ನಲಾರೆ. ಅವನ ಕಣ್ಣ ಮುಂದೆ ಒಂದು ಜೀವವಿತ್ತು. ವೈದ್ಯರಿಗೆ ಕಲಿಸುವಾಗ ನಾನು ತಿದ್ದಲು ಹೆದರುವುದು ಇದೊಂದನ್ನೇ, ಯಾಕೆಂದರೆ ಅವರನ್ನು ಒಳ್ಳೆಯ ವೈದ್ಯರನ್ನಾಗಿ ಮಾಡುವುದೂ ಅದೇ. ನಾನು ಕಾರಿಡಾರಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ನನ್ನ ಅನುಮಾನ ತಪ್ಪಾಗಿದ್ದರೆ ಒಂದು ಒಳ್ಳೆಯ ಔಷಧಿ ತಡವಾಗುತ್ತದೆ, ತಡ ಎನ್ನುವುದು ಆ ಕಾಯಿಲೆಯಲ್ಲಿ ಸಣ್ಣ ಮಾತಲ್ಲ. ಅವನ ನಂಬಿಕೆ ತಪ್ಪಾಗಿದ್ದರೆ ನಾವೇ ಕೈಯಾರೆ ಆಕೆಗೆ ಇನ್ನೊಂದು ಕಾಯಿಲೆ ಕೊಡುತ್ತೇವೆ.

“ಅವು ಯಾವುವು ಅಂತ ಕೇಳೋ ಪರೀಕ್ಷೆನೇ ಮಾಡೋಣ,” ಎಂದೆ. “ಪ್ಲೇಟು ಪೂರ್ತಿ ಅದಕ್ಕೇ ಹೋಗ್ಲಿ.”

ಆಮೇಲೆ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರು ನನಗಿಂತ ಹಿರಿಯರು, ಸುಳ್ಳು ಭರವಸೆ ಕೊಡುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದರು.

“ನೋಡಿ ಮೇಡಂ,” ಎಂದರು ಆಮೇಲೆ, “ಆಕೆಗೆ ಕೊಡೋಕೆ ನನ್ ಹತ್ರ ಇನ್ನೊಂದ್ ಕೀಮೋ ಡ್ರಿಪ್ ಇದೆ, ಅಷ್ಟೇ. ಅದು ಎಲ್ರಿಗೂ ಕೆಲಸ ಮಾಡಲ್ಲ. ಡೌಟು ನಂಗೂ ದಿನಾ ಇರತ್ತೆ, ಡೌಟ್ ಇಟ್ಕೊಂಡೇ ಔಷಧಿ ಬರೀತೀನಿ. ನಿಮ್ಮ ಹುಡುಗ ಒಂದು ದಾರಿ ಇದೆ ಅಂದ. ಈಗ ಇಲ್ಲ ಅನ್ನೋಕೂ ನಿಮ್ಮ ಹತ್ರ ಪ್ರೂಫ್ ಇಲ್ಲ. ಗುರುವಾರ ಬೆಳಿಗ್ಗೆ ಒಳಗೆ ಏನಾದ್ರೂ ಕೈಗೆ ಕೊಡಿ. ಕೊಡ್ಲಿಲ್ಲ ಅಂದ್ರೆ, ಮನೆಯವರಿಗೆ ಎಲ್ಲಾ ಹೇಳಿ, ಆ ಗುಳಿಗೆ ಶುರು ಮಾಡ್ತೀನಿ. ಕಾಯೋಕಾಗಲ್ಲ.”

ಫೋನ್ ಇಟ್ಟ ಮೇಲೆ ಇಬ್ಬರಿಗೂ ಇದ್ದದ್ದು ಇದ್ದಂತೆ ಹೇಳಿದೆ.

ಪರೀಕ್ಷೆಯನ್ನು ಅಂದೇ ಶುರು ಮಾಡಿದೆವು. ಪ್ಲೇಟಿನ ಅರ್ಧ ಗುಳಿಗಳಿಗೆ ರಾಸಾಯನಿಕ, ಇನ್ನರ್ಧಕ್ಕೆ ಬರೀ ಪೋಷಕ ದ್ರವ. ಏನೂ ಹಾಕದ ಅರ್ಧ ಚೆನ್ನಾಗಿ ಬದುಕಿದ್ದರೆ ಮಾತ್ರ ಹಾಕಿದ ಅರ್ಧದ ಸಾವಿಗೆ ಅರ್ಥ. ಹಳೆಯ ದ್ರವ ತೆಗೆಯುವ ಕೆಲಸಕ್ಕೆ ವೈದ್ಯ ತಾನೇ ಮುಂದೆ ಬಂದ. ಅವನ ಕೈ ಸೂಜಿಗೆ, ಹೊಲಿಗೆಗೆ ಪಳಗಿದ ಕೈ. ದ್ರವ ಹೀರುವ ಪಿಪೆಟ್ಟಿನ ತುದಿಯನ್ನು ಗುಳಿಯ ನಡುವಿಗೇ ಇಳಿಸಿ ಎಳೆದುಬಿಟ್ಟ. ಜೆಲ್ಲಿನ ಹನಿ ತಳದಿಂದ ಕಿತ್ತುಬಂದು, ದ್ರವದ ಜೊತೆ ಮೇಲೇರಿ ಹೋಯಿತು. ಒಂದು ಗುಳಿ ಖಾಲಿ.

ಅವನು ಪಿಪೆಟ್ಟನ್ನು ಹಿಡಿದುಕೊಂಡೇ ಕಲ್ಲಾಗಿ ಕೂತ. ಸಂಶೋಧಕಿ ಬೈಯಲಿಲ್ಲ. “ಗೋಡೆಗೆ ತಾಗಿಸಿ ಇಡಿ. ಪ್ಲೇಟನ್ನ ಸ್ವಲ್ಪ ವಾಲಿಸಿ. ಎಳೀಬೇಡಿ, ತಾನಾಗೇ ಬರತ್ತೆ,” ಎಂದಳು. ತೋರಿಸಿಕೊಟ್ಟು ಮತ್ತೆ ಅವನ ಕೈಗೇ ಕೊಟ್ಟಳು. ನಾನಾಗಿದ್ದರೆ ಕೊಡುತ್ತಿದ್ದೆನೋ ಇಲ್ಲವೋ. ಉಳಿದ ಗುಳಿಗಳನ್ನೆಲ್ಲ ಅವನೇ ಮಾಡಿದ. ಎ.ಸಿ. ಕೋಣೆಯಲ್ಲೂ ಅವನ ಹಣೆಯಿಂದ ಬೆವರಿಳಿಯುತ್ತಿತ್ತು. ಇನ್ನೊಂದು ಹನಿಯೂ ಕಿತ್ತುಬರಲಿಲ್ಲ.

ಭಾನುವಾರ ಏನೂ ಗೊತ್ತಾಗಲಿಲ್ಲ. ಸೋಮವಾರ ಕೆಟ್ಟ ಸುದ್ದಿ ಬಂತು, ಎರಡು ಕಡೆಯಿಂದ.

ಮೊದಲನೆಯದು ಪ್ಲೇಟಿನಿಂದ. ಏನೂ ಹಾಕದ ಗುಳಿಗಳಲ್ಲೂ ಉಂಡೆಗಳು ಮಂಕಾಗಿದ್ದವು. ಅಂಚುಗಳು ಕಪ್ಪಾಗತೊಡಗಿದ್ದವು. ಎರಡೂ ಕಡೆ ಸತ್ತರೆ ನಮ್ಮ ಪರೀಕ್ಷೆ ಏನನ್ನೂ ಹೇಳುವುದಿಲ್ಲ, ಗುರುವಾರ ಗುಳಿಗೆ ಶುರುವಾಗುತ್ತದೆ. ಸಂಶೋಧಕಿ ಒಂದೊಂದೇ ಕಾರಣವನ್ನು ತಳ್ಳಿಹಾಕುತ್ತ ಹೋದಳು. ಇನ್ಕ್ಯುಬೇಟರಿನ ಉಷ್ಣತೆ ಸರಿಯಿತ್ತು. ಅನಿಲದ ಮಟ್ಟ ಸರಿಯಿತ್ತು. ಬೂಷ್ಟಿನ ಸುಳಿವಿರಲಿಲ್ಲ. ಉಳಿದದ್ದು ಪೋಷಕ ದ್ರವ. ಅದರೊಳಗಿನ ಬೆಳವಣಿಗೆಯ ಅಂಶಗಳು ಬಹಳ ನಾಜೂಕು. ಶನಿವಾರದ ಅವಸರದಲ್ಲಿ ನಾವು ಬಳಸಿದ ಬಾಟಲಿ ಫ್ರಿಜ್ಜಿನಲ್ಲಿ ಹಳೆಯದಾಗಿತ್ತೆಂದು ಅವಳ ಊಹೆ. ಹೊಸದನ್ನು ಬೆರೆಸಿ ತಯಾರಿಸಿ ಎರಡೂ ಅರ್ಧಗಳಿಗೆ ಬದಲಿಸಬೇಕು, ರಾಸಾಯನಿಕವನ್ನೂ ಹೊಸದಾಗಿ ಹಾಕಬೇಕು. ಮತ್ತೆ ಅಷ್ಟೂ ಹನಿಗಳು ಕಿತ್ತುಬರುವ ಅಪಾಯ. ಬೇರೆ ದಾರಿಯಿರಲಿಲ್ಲ. ಅವಳು ದ್ರವ ಬೆರೆಸುತ್ತಿದ್ದಾಗ ವೈದ್ಯನಿಗೆ ಹೊರರೋಗಿ ವಿಭಾಗದಿಂದ ಕರೆ ಬಂತು.

ಎರಡನೆಯದು ಅಲ್ಲಿತ್ತು. ಜರಗನಹಳ್ಳಿಯ ಅಮ್ಮ ರಕ್ತ ಪರೀಕ್ಷೆಗೆ ಬಂದಿದ್ದರು. ವೈದ್ಯ ತಿರುಗಿ ಬಂದು ಬಾಗಿಲಲ್ಲೇ ನಿಂತ.

“ಆ ಮಾತ್ರೆ ಯಾವಾಗ ಕೊಡ್ತೀರ ಡಾಕ್ಟ್ರೇ ಅಂತ ಕೇಳಿದ್ರಿ ಮೇಡಂ. ಮಗಳು ಅಂಗಡಿಗೆ ಹೋಗಿ ವಿಚಾರಿಸಿ ಬಂದಾಳ. ಎಲ್ಲಿ ಬೇಗ ಸಿಗ್ತದ ಅಂತನೂ ತಿಳ್ಕೊಂಡಾಳ್ರಿ.”

“ನೀವೇನಂದ್ರಿ?”

“ಗುರುವಾರ ಹೇಳ್ತೀವಿ ಅಂದೆ. ಇನ್ನೂ ಪಕ್ಕಾ ಆಗಿಲ್ಲ ಅಂದೆ. ಅಮ್ಮ ನಕ್ರು. ಬಾಯಿ ತೆರಿಯಾಕ ಬರಂಗಿಲ್ಲ, ಆದ್ರೂ ನಕ್ರು.” ಸ್ಟೂಲಿನ ಮೇಲೆ ಕೂತು ಕೈಗವಸು ಹಾಕಿಕೊಳ್ಳತೊಡಗಿದ. “ಮೀಡಿಯಂ ನಾನ ಬದಲಿ ಮಾಡ್ತೀನ್ರಿ.”

ಪೋಷಕ ದ್ರವವನ್ನು ಅವನೇ ಬದಲಿಸಿದ. ಸಂಶೋಧಕಿ ಅವನ ಹಿಂದೆ ನಿಂತು ನೋಡುತ್ತಿದ್ದಳು. ಒಂದು ಮಾತೂ ಆಡಬೇಕಾಗಲಿಲ್ಲ.

ಮಂಗಳವಾರ ಏನೂ ಹಾಕದ ಗುಳಿಗಳು ಹಾಗೇ ಇದ್ದವು, ಕೆಟ್ಟಿರಲಿಲ್ಲ, ಸುಧಾರಿಸಿರಲೂ ಇಲ್ಲ. ಅಂದು ನಾನು ಬೇರೆ ತಂಡಕ್ಕೆ ಪಾಠ ಮಾಡಬೇಕಿತ್ತು. ಏನು ಪಾಠ ಮಾಡಿದೆನೋ ನೆನಪಿಲ್ಲ. ಬುಧವಾರ ಆ ಗುಳಿಗಳ ಅಂಚುಗಳು ತಿಳಿಯಾದವು. ಉಂಡೆಗಳು ಮತ್ತೆ ಉಬ್ಬತೊಡಗಿದವು. ರಾಸಾಯನಿಕ ಹಾಕಿದ ಕಡೆ ಹಾಗಾಗಲಿಲ್ಲ. ಅಲ್ಲಿ ಉಂಡೆಗಳು ಕುಗ್ಗುತ್ತಿದ್ದವು, ಆದರೆ ಇನ್ನೂ ಸತ್ತಿವೆಯೆಂದು ಹೇಳುವ ಹಾಗಿರಲಿಲ್ಲ. ಕುಗ್ಗುವುದಕ್ಕೂ ಸಾಯುವುದಕ್ಕೂ ನಡುವೆ ನಿಂತು ಯಾರಿಗೂ ಏನೂ ಹೇಳಲಾಗುವುದಿಲ್ಲ.

ಗುರುವಾರ ನಾನು ಬರುವ ಹೊತ್ತಿಗೆ ಇಬ್ಬರೂ ಬಂದು ಕೂತಿದ್ದರು. ಸತ್ತ ಜೀವಕೋಶಗಳಿಗೆ ಮಾತ್ರ ಕೆಂಪು ಬಣ್ಣ ಹಿಡಿಯುವ ದ್ರವವನ್ನು ಹಾಕಿಯಾಗಿತ್ತು. ನಾನು ಬಂದ ಮೇಲೇ ನೋಡಬೇಕೆಂದು ಕಾದಿದ್ದರು. ಮೊದಲು ಏನೂ ಹಾಕದ ಕಡೆ: ಗುಂಡಗಿನ, ನುಣುಪಾದ ಉಂಡೆಗಳು, ಕೆಂಪು ಎಲ್ಲೋ ಒಂದೊಂದು ಚುಕ್ಕೆ. ಆಮೇಲೆ ಹಾಕಿದ ಕಡೆ. ನಾನು ಬಗ್ಗಿ ನೋಡಿ, ವೈದ್ಯನಿಗೆ ಜಾಗ ಬಿಟ್ಟೆ.

ಅವನು ಬಹಳ ಹೊತ್ತು ನೋಡಿದ. ಒಂದೊಂದೇ ಗುಳಿಯನ್ನು ಸರಿಸುತ್ತ ಎಲ್ಲವನ್ನೂ ನೋಡಿದ.

“ಎಲ್ಲಾ ಸತ್ತಾವ್ರಿ,” ಎಂದ. “ಒಳ್ಳೆವೇ ಇದ್ದವು.”

ಸಂಶೋಧಕಿ ಅವನ ನಂತರ ಕೂತಳು. ಗೆದ್ದವಳ ಗತ್ತು ಅವಳ ಮುಖದಲ್ಲಿ ಎಳ್ಳಷ್ಟೂ ಇರಲಿಲ್ಲ. ಅವಳೂ ಎಲ್ಲ ಗುಳಿಗಳನ್ನೂ ದಾಟುತ್ತ ಬಂದು ಕೊನೆಯದರಲ್ಲಿ ನಿಂತಳು. ಫೋಕಸ್ ತಿರುಗಿಸಿದಳು, ಮತ್ತೆ ತಿರುಗಿಸಿದಳು.

“ಮೇಡಂ, ಇಲ್ಲಿ ಅಂಚಲ್ಲಿ ನೋಡಿ.”

ಕೆಂಪು ರಾಶಿಯ ಬದಿಯಲ್ಲಿ ನಾಲ್ಕಾರು ಸಣ್ಣ ಗಂಟುಗಳು. ಸೊಟ್ಟ, ಒರಟು, ದ್ರಾಕ್ಷಿ ಗೊಂಚಲನ್ನು ಹಿಸುಕಿದ ಹಾಗೆ. ಬಣ್ಣ ಹಿಡಿದಿರಲಿಲ್ಲ. ಬದುಕಿದ್ದವು.

“ಗಡ್ಡೆವು ಇವೇ ಇರಬೇಕು,” ಎಂದಳು.

ಸಭೆಗೆ ನಾವು ಮೂವರೂ ಹೋದೆವು. ನಾನೇ ಮಾತಾಡುವುದೆಂದು ನಿಶ್ಚಯವಾಗಿತ್ತು. ಆ ರೋಗಿಯ ಸರದಿ ಬಂದಾಗ ನಾನು ಕುರ್ಚಿ ಹಿಂದೆ ಸರಿಸುವಷ್ಟರಲ್ಲಿ ವೈದ್ಯ ಎದ್ದು ನಿಂತಿದ್ದ.

“ಸಾರ್, ಹೋದ ವಾರ ನಿಮಗ ತೋರಿಸಿದ್ದು ತಪ್ಪೈತ್ರಿ. ಆ ಜೀವಕೋಶಗಳು ಗಡ್ಡೆವಲ್ಲ. ಪೇಷೆಂಟ್‌ನ ನಾರ್ಮಲ್ ಜೀವಕೋಶಗಳು. ಆ ಡ್ರಗ್ ಗಡ್ಡೆಗೆ ಕೆಲಸ ಮಾಡ್ತದ ಅನ್ನಾಕ ನಮ್ಮ ಹತ್ರ ಯಾವ ಆಧಾರನೂ ಇಲ್ರಿ. ಅವು ಏನಂತ ನೋಡೋಕಿಂತ ಮೊದಲೇ ನಾ ತಂದು ತೋರಿಸಿದೆ.”

ಚಿತ್ರಗಳನ್ನು ತೋರಿಸಿದ. ಯಾರೋ ಒಬ್ಬರು, ರಾಸಾಯನಿಕದ ಪ್ರಮಾಣ ಹೆಚ್ಚಾಗಿ ಗಡ್ಡೆಯ ಜೀವಕೋಶಗಳೂ ಸತ್ತಿರಬಹುದಲ್ಲ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅವನು ಸಂಶೋಧಕಿಯ ಕಡೆ ತಿರುಗಿದ. ಅವಳು ಕೂತಲ್ಲಿಂದಲೇ, ಬದುಕುಳಿದ ಗಂಟುಗಳ ಚಿತ್ರ ಹಾಕಿಸಿ ಉತ್ತರ ಕೊಟ್ಟಳು. ಮುಖ್ಯಸ್ಥರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಡ್ರಿಪ್ಪೇ ಶುರು ಮಾಡೋಣ,” ಎಂದರು. ಆಮೇಲೆ ಮೆಲ್ಲಗೆ, “ಮನೆಯವರಿಗೆ ನಾನೇ ಹೇಳಿದ್ದು. ನಾನೇ ಹೋಗಿ ಹೇಳ್ತೀನಿ.”

“ಬ್ಯಾಡ್ರಿ ಸಾರ್, ನಾ ಹೇಳ್ತೀನ್ರಿ,” ಎಂದ ವೈದ್ಯ.

ಕೊನೆಗೆ ಮುಖ್ಯಸ್ಥರು, ಅವನು, ನಾನು ಮೂವರೂ ಹೋದೆವು. ಸಣ್ಣ ಕೋಣೆ. ಅಮ್ಮ ಸೆರಗಿನಿಂದ ಬಾಯಿಯ ಬದಿಯನ್ನು ಒರೆಸಿಕೊಳ್ಳುತ್ತ ಕೂತಿದ್ದರು. ಮಗಳ ತೊಡೆಯ ಮೇಲೆ ಅವರ ಫೈಲುಗಳಿದ್ದವು. ಮೂರು ಜನ ಬಂದದ್ದು ನೋಡಿಯೇ ಮಗಳಿಗೆ ಅರ್ಥವಾದಂತಿತ್ತು.

ವೈದ್ಯ ಸುತ್ತಿ ಬಳಸಿ ಹೇಳಲಿಲ್ಲ. ನಿಮ್ಮ ಬಾಯಿಯ ಚೂರಿನಲ್ಲಿ ಗಡ್ಡೆಯೂ ಇತ್ತು, ಒಳ್ಳೆಯ ಚರ್ಮವೂ ಇತ್ತು, ಬೆಳೆದದ್ದು ಒಳ್ಳೆಯ ಚರ್ಮ, ಅದನ್ನೇ ನಾನು ಗಡ್ಡೆ ಅಂದುಕೊಂಡು ಔಷಧಿ ಹಾಕಿದೆ, ಅದು ಸತ್ತಿತು, ಗಡ್ಡೆ ಸಾಯುತ್ತದೆ ಅಂತ ಹೇಳಿಬಿಟ್ಟೆ. ನಿಜವಾದ ಗಡ್ಡೆಯದು ಈಗ ಸ್ವಲ್ಪ ಮಾತ್ರ ಸಿಕ್ಕಿದೆ. ಆ ಗುಳಿಗೆ ಕೊಡುವುದಿಲ್ಲ. ಬೇರೆ ಡ್ರಿಪ್ ಇದೆ, ನಾಳೆಯೇ ಶುರು ಮಾಡುತ್ತೇವೆ.

“ಹೋದ್ ವಾರ ಒಂದು, ಈ ವಾರ ಒಂದಾ?” ಮಗಳ ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ. “ನಮ್ಮಮ್ಮ ಏನ್ ನಿಮ್ಗೆ ಆಟದ್ ಸಾಮಾನಾ? ಒಂದ್ ವಾರದಿಂದ ಅವ್ರು ಸರಿಯಾಗಿ ನಿದ್ದೆ ಮಾಡ್ತಿದ್ರು, ಗೊತ್ತಾ ನಿಮ್ಗೆ? ಬರೀ ಆ ಮಾತ್ರೆ ಬರತ್ತೆ ಅಂತ.”

ವೈದ್ಯ “ತಪ್ಪಾತ್ರಿ” ಎಂದಷ್ಟೇ ಹೇಳಿದ. ಅದನ್ನು ಮುಚ್ಚಲು ಮತ್ತೊಂದು ವಾಕ್ಯ ಸೇರಿಸಲಿಲ್ಲ. ಅದು ಅವನಿಗೆ ಎಷ್ಟು ಕಷ್ಟವಾಗಿರಬೇಕೆಂದು ಪಕ್ಕದಲ್ಲಿ ಕೂತಿದ್ದ ನನಗೆ ಗೊತ್ತಿತ್ತು.

ಅಮ್ಮ ಮಗಳ ಕೈ ಮೇಲೆ ಕೈಯಿಟ್ಟು ವೈದ್ಯನನ್ನು ನೋಡಿದರು. ಬಾಯಿ ತೆರೆಯದೆ ಆಡುವ ಮಾತು ನಿಧಾನ, ಒಂದೊಂದೇ ಪದ.

“ಕಳೆ ಔಷ್ದಿ ಹೊಡ್ದು ಪೈರು ಸತ್ತಿದ್ ನೋಡ್ಬಿಟ್ಟು, ಕಳೆ ಸಾಯ್ತದೆ ಅಂದ್ಬಿಟ್ರಾ?”

“ಹೌದ್ರಿ ಅಮ್ಮ.”

“ನುಂಗಿದ್ರೆ ಬಾಯೆಲ್ಲಾ ಹುಣ್ಣಾಗ್ತಿತ್ತು ಅನ್ನಿ.”

“ಆಗ್ತಿತ್ರಿ.”

ಅವರು ತಲೆಯಾಡಿಸಿದರು. “ಆ ಗಡ್ಡೆದು ಸ್ವಲ್ಪ ಸಿಕ್ಕೈತೆ ಅಂದ್ರಲ್ಲ. ಅದುನ್ನ ಬೆಳೆಸಿ, ಆ ಮಾತ್ರೆನೇ ಹಾಕಿ ನೋಡಿ. ಏನಾಯ್ತು ಅಂತ ನಂಗೆ ಹೇಳ್ಬೇಕು. ಒಳ್ಳೇದೋ ಕೆಟ್ಟದ್ದೋ, ನೀವೇ ಬಂದು ಹೇಳ್ಬೇಕು,” ಎಂದರು.

ಸಂಶೋಧನೆಯ ಫಲಿತಾಂಶವನ್ನು ರೋಗಿಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ನಡೆದದ್ದನ್ನೆಲ್ಲ ಆಸ್ಪತ್ರೆಯ ನೀತಿ ಸಮಿತಿಗೆ ಬರೆದು ತಿಳಿಸಬೇಕಾಗಿತ್ತು, ಬರೆದೆವು. ಛೀಮಾರಿ ಬಂತು, ಬರಬೇಕಾದದ್ದೇ. ವೈದ್ಯರು ಪ್ರಯೋಗಾಲಯದ ಅಂಕಿಗಳನ್ನು ವಾರ್ಡಿಗೆ ಒಯ್ಯುವ ಮೊದಲು ಏನೇನು ಆಗಿರಬೇಕು ಎಂಬ ನಿಯಮ ಬಿಗಿಯಾಯಿತು. ಅಮ್ಮನ ಕೋರಿಕೆಯನ್ನೂ ಬರೆದಿದ್ದೆ. ಚಿಕಿತ್ಸೆಗೆ ಸಂಬಂಧವಿಲ್ಲವೆಂದು ತಿಳಿಸಿ ಹೇಳಬಹುದೆಂದು ಒಪ್ಪಿಗೆ ಬಂತು.

ಆ ನಡುವೆ ಒಂದು ಮಧ್ಯಾಹ್ನ ವೈದ್ಯ ನನ್ನ ಕೋಣೆಗೆ ಬಂದ. ಈ ಸಲ ಬಾಗಿಲು ತಟ್ಟಿದ. ತರಬೇತಿ ಬಿಟ್ಟು ವಿಜಯಪುರಕ್ಕೆ ಹೋಗುತ್ತೇನೆ, ಅಲ್ಲಿ ಆಸ್ಪತ್ರೆಯಲ್ಲಿ ಕೆಲಸವಿದೆ ಎಂದ. “ನನಗಿದು ಆಗಂಗಿಲ್ರಿ. ಪೇಷೆಂಟ್ ನೋಡೋದು ಬರ್ತದ, ಅದನ್ನ ಮಾಡ್ಕೊಂಡಿರ್ತೀನಿ.”

ಉಪದೇಶ ಮಾಡಲು ನನಗೆ ಮನಸ್ಸಾಗಲಿಲ್ಲ. “ಆ ಗಂಟುಗಳನ್ನ ಯಾರು ಬೆಳೆಸ್ತಾರೆ?” ಎಂದು ಕೇಳಿದೆ.

“ಅವರದಾರಲ್ರಿ.” ಸಂಶೋಧಕಿಯ ಬಗ್ಗೆ ಹೇಳಿದ್ದು.

“ಬೆಳೆಸ್ತಾರೆ. ಅಮ್ಮ ಹೇಳಿದ್ದು ನೀವೇ ಬಂದು ಹೇಳ್ಬೇಕು ಅಂತ. ಅವರು ಪೇಷೆಂಟ್‌ನ ನೋಡೇ ಇಲ್ವಲ್ಲ.”

ಅವನ ಮುಖ ಕೆಂಪಾಯಿತು. ಅದು ಸ್ವಲ್ಪ ಕ್ರೂರವಾದ ಮಾತೇ. ಬಿ.ಟಿ.ಎಂ. ಬಡಾವಣೆಯ ತನ್ನ ಬಾಡಿಗೆ ರೂಮು ಖಾಲಿ ಮಾಡುತ್ತೇನೆಂದು ಮಾಲೀಕರಿಗೆ ಹೇಳಿಯಾಗಿತ್ತಂತೆ. ಮಾರನೆಯ ದಿನ ಮತ್ತೆ ಹೋಗಿ, ಇರುತ್ತೇನೆ ಎಂದನಂತೆ. ಇದನ್ನು ನನಗೆ ಹೇಳಿದ್ದು ಸಂಶೋಧಕಿ. ಆ ವಾರವೇ ಅವನು ಅವಳನ್ನು ಹೊರರೋಗಿ ವಿಭಾಗಕ್ಕೆ ಕರೆದುಕೊಂಡು ಹೋಗಿ, ತನ್ನ ಪಕ್ಕದಲ್ಲಿ ಕೂರಿಸಿಕೊಂಡು ರೋಗಿಗಳನ್ನು ನೋಡತೊಡಗಿದ.

ಹೊರಗಿನ ಲ್ಯಾಬಿನ ವರದಿ ಬಂತು. ಆ ಚೆಂದದ ಉಂಡೆಗಳಲ್ಲಿ ಕಾವಲು ಜೀನ್ ಸರಿಯಾಗಿಯೇ ಇತ್ತು. ಬದುಕುಳಿದ ಗಂಟುಗಳು ಬಹಳ ಸತಾಯಿಸಿದವು. ರಾಸಾಯನಿಕದಲ್ಲೇ ಅವನ್ನು ಇಟ್ಟು, ಒಳ್ಳೆಯ ಜೀವಕೋಶ ಒಂದೂ ಮತ್ತೆ ತಲೆಯೆತ್ತದಂತೆ ನೋಡಿಕೊಳ್ಳುತ್ತ, ಇಬ್ಬರೂ ಸರದಿಯ ಮೇಲೆ ಬೆಳೆಸಿದರು. ಒಮ್ಮೆ ಬೂಷ್ಟು ಹಿಡಿದು ಅರ್ಧ ಹೋಯಿತು. ಉಳಿದವು ಸೊಟ್ಟಸೊಟ್ಟಗೆ, ಒಂದಕ್ಕೊಂದು ಅಂಟಿಕೊಂಡು ಬೆಳೆದವು. ಅವುಗಳ ಡಿಎನ್ಎ ಗಡ್ಡೆಯದರ ಜೊತೆ ಹೊಂದಿತು. ಆಮೇಲೆ, ಆಮೇಲೆ ಮಾತ್ರ, ಆ ಗುಳಿಗೆಯ ಔಷಧಿ ಹಾಕಿದರು. ಗೆರೆ ಅಡ್ಡವಾಗಿಯೇ ಹೋಯಿತು. ಅತಿ ಹೆಚ್ಚಿನ ಪ್ರಮಾಣಕ್ಕೂ ಗಡ್ಡೆ ಕದಲಲಿಲ್ಲ. ಇಬ್ಬರೂ ಅದನ್ನು ಬೇರೆ ಬೇರೆ ದಿನ, ಬೇರೆ ಬೇರೆ ಕೈಯಿಂದ ಮತ್ತೆ ಮಾಡಿ ನೋಡಿದ ಮೇಲೆಯೇ ನನ್ನ ಹತ್ತಿರ ತಂದರು.

ಅಷ್ಟರಲ್ಲಿ ಅಮ್ಮನಿಗೆ ಡ್ರಿಪ್ಪಿನ ಕೆಲವು ಸುತ್ತು ಮುಗಿದಿತ್ತು. ಕೆನ್ನೆಯ ಊತ ಸ್ವಲ್ಪ ಇಳಿದಿತ್ತು. ಎಷ್ಟು ಕಾಲ ಹಾಗಿರುತ್ತದೋ ಮುಖ್ಯಸ್ಥರೂ ಹೇಳುತ್ತಿರಲಿಲ್ಲ. ವೈದ್ಯ ಹೇಳಲು ಹೊರಟಾಗ ನನ್ನನ್ನೂ ಕರೆದ. ಡೇ ಕೇರ್ ವಾರ್ಡಿನಲ್ಲಿ ಅಮ್ಮ ಕಿಟಕಿ ಪಕ್ಕದ ಮಂಚದಲ್ಲಿದ್ದರು, ಕೈಗೆ ಸೂಜಿ ಹಾಕಿತ್ತು. ಅವನು ಬಗ್ಗಿ, ಮೆಲ್ಲಗೆ ಹೇಳಿದ. ನಿಮ್ಮ ಗಡ್ಡೆಯ ಮೇಲೇ ಹಾಕಿ ನೋಡಿದೆವು. ಆ ಮಾತ್ರೆಯಿಂದ ಅದಕ್ಕೆ ಏನೂ ಆಗಲಿಲ್ಲ.

ಅಮ್ಮ ಕಿಟಕಿಯ ಕಡೆ ನೋಡುತ್ತ ಕೇಳಿಸಿಕೊಂಡರು.

“ಸರಿ ಬಿಡಿ,” ಎಂದರು. “ಹೇಳಿದ್ರಲ್ಲ, ಅಷ್ಟೇ.” ಆಮೇಲೆ ಗಲ್ಲದಿಂದ ಬಾಗಿಲಿನ ಕಡೆ ತೋರಿಸಿದರು. “ಅವ್ಳಿಗೂ ಹೇಳಿ ಹೋಗಿ. ಇನ್ನೂ ನಿಮ್ ಮೇಲೆ ಕ್ವಾಪ ಇಟ್ಕಂಡವ್ಳೆ.”

ಮಗಳು ಹೊರಗೆ ಕಾರಿಡಾರಿನ ಸಾಲು ಕುರ್ಚಿಗಳಲ್ಲಿ ಕೂತಿದ್ದಳು. ಇಷ್ಟು ದಿನವೂ ವೈದ್ಯ ಎದುರಾದರೆ ಮುಖ ತಿರುಗಿಸುತ್ತಿದ್ದಳಂತೆ. ನಾನು ಬಾಗಿಲಲ್ಲೇ ಉಳಿದೆ. ಅವನು ಹೋಗಿ ಅವಳ ಮುಂದೆ ನಿಂತ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ. ಒಳಗೆ ಹೇಳಿದ್ದನ್ನೇ ಅವಳಿಗೂ ಹೇಳಿದ. ಅವಳು ತಲೆಯೆತ್ತಲಿಲ್ಲ. ಅವನು ಹೇಳಿ ಮುಗಿಸಿದ ಮೇಲೂ ಹೊರಡದೆ ನಿಂತೇ ಇದ್ದ. ಕೊನೆಗೆ ಅವಳು ಪಕ್ಕದ ಕುರ್ಚಿಯ ಮೇಲಿದ್ದ ಊಟದ ಚೀಲವನ್ನು ಎತ್ತಿ ಕಾಲ ಬಳಿ ಇಟ್ಟುಕೊಂಡಳು.

ಅವನು ಕೂತ.